ದೂರದ ಲೈನು

ಚಹಾ ಸೋಸಿಕೊಂಡು ದ್ಯಾಮಣ್ಣ ಗ್ಯಾಸ್ ಬಂದ್ ಮಾಡಿದ. ಅವನು ಅಡುಗೆಮನೆಯಿಂದ ಹೊರಗೆ ಬಂದು ಕುರ್ಚಿಯಲ್ಲಿ ಕೂತದ್ದೇ ತಡ, ಹೆಂಡತಿ ಸೌಮ್ಯಾ ಒಳಗೆ ಹೋದಳು. ಯಾಕೆ ಹೋದಳೆಂದು ಅವನಿಗೆ ನೋಡದೆಯೇ ಗೊತ್ತು. ಒಲೆಯ ಬಟನ್ ಮುಟ್ಟಿ ನೋಡುತ್ತಾಳೆ, ಬಗ್ಗಿ ಸಿಲಿಂಡರಿನ ತಲೆ ಮುಟ್ಟಿ ನೋಡುತ್ತಾಳೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಏನೂ ನಡೆದಿಲ್ಲವೆಂಬ ಹಾಗೆ ಹೊರಗೆ ಬರುತ್ತಾಳೆ. ಏಳು ತಿಂಗಳಿಂದ ಇದೇ ಆಗಿದೆ. ಅವನು ಹಾಕಿದ ಚಿಲಕವನ್ನು ಇನ್ನೊಮ್ಮೆ ಜಗ್ಗಿ ನೋಡುವುದು, ಅವನು ಬಂದ್ ಮಾಡಿದ ನಳವನ್ನು ಇನ್ನರ್ಧ ಸುತ್ತು ಬಿಗಿ ಮಾಡುವುದು. ಬಾಯಿ ಬಿಟ್ಟು ಒಂದು ಮಾತು ಅಂದವಳಲ್ಲ. ಅಂದಿದ್ದರೆ ಜಗಳವಾದರೂ ಆಗುತ್ತಿತ್ತು. ಜಗಳವಾಡಿ, ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ರೊಟ್ಟಿಗೆ ಪಲ್ಯ ಸಾಲದೆಂಬ ನೆವದಲ್ಲಿ ಮತ್ತೆ ಮಾತಿಗೆ ಬರಬಹುದಿತ್ತು. ಇವಳು ಮಹಾ ಒಳ್ಳೆಯವಳು. ಒಳ್ಳೆಯವರ ಜೊತೆ ಇರುವಷ್ಟು ಒಂಟಿತನ ಬೇರೆ ಇಲ್ಲ ಎಂದು ದ್ಯಾಮಣ್ಣನಿಗೆ ಈಚೆಗೆ ಅನ್ನಿಸುತ್ತಿತ್ತು, ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯೂ ಆಗುತ್ತಿತ್ತು. “ಬಿಳಿ ಅಂಗಿ ಹಾಕ್ಕೋರಿ,” ಎಂದಳು ಸೌಮ್ಯಾ. “ಸಾಹುಕಾರ ಸ್ವಚ್ಛ ಇದ್ದವರನ್ನ ನೋಡಿ ತಗೋತಾನಂತ. ಬೀರವ್ವನೇ ಹೇಳ್ಯಾಳ.” ಬೀರವ್ವನ ಹೆಸರು ಬಂದಾಗ ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ಅವನು ಬಿಳಿ ಅಂಗಿ ಹಾಕಿಕೊಂಡ.

ನಿನ್ನೆ ಸಂಜೆ ಹಿಟ್ಟಿನ ಗಿರಣಿಯಲ್ಲಿ ಬೀರವ್ವ ಸೌಮ್ಯಾಳ ಕೈಯಲ್ಲಿ ಹೇಳಿ ಕಳಿಸಿದ್ದಳು. ಗಬ್ಬೂರ ಬೈಪಾಸಿನ ಹತ್ತಿರ ಟ್ರೇಲರ್ ಆಫೀಸು ಐತಿ, ನಾ ಅಲ್ಲೆ ಕಸಾ ಹೊಡದು ಚಹಾ ಮಾಡತೇನಿ, ಡ್ರೈವರ್ ಬೇಕಾಗ್ಯಾರ, ದ್ಯಾಮಣ್ಣಾರಿಗೆ ನಾಳೇನೇ ಹೋಗಾಕ ಹೇಳ್ರಿ, ಅಂತ. ಇಷ್ಟೇ ಮಾತು. ಆದರೆ ದ್ಯಾಮಣ್ಣ ರಾತ್ರಿಯಿಡೀ ಅದನ್ನೇ ತಿರುವಿ ಹಾಕುತ್ತಿದ್ದ. ಬೀರವ್ವ ಅವನ ಸ್ಕೂಲ್ ಬಸ್ಸಿನ ಆಯಾ. ಆಗಿದ್ದಳು ಎನ್ನಬೇಕು, ಅವನೂ ಡ್ರೈವರ್ ಆಗಿದ್ದ. ಹದಿಮೂರು ವರ್ಷ ಅವನು ಕೇಶ್ವಾಪುರದಿಂದ ಮಕ್ಕಳನ್ನು ತುಂಬಿಕೊಂಡು ವಿದ್ಯಾನಗರದ ಸಾಲೆಗೆ ಮುಟ್ಟಿಸಿದ, ಸಂಜೆ ತಿರುಗಿ ತಂದ. ಓಡಿಸಿದ ದಾರಿಯನ್ನೆಲ್ಲ ಒಂದಕ್ಕೊಂದು ಕೂಡಿಸಿದ್ದರೆ ಎಷ್ಟೋ ಸಲ ದಿಲ್ಲಿ ಮುಟ್ಟಿ ಬರಬಹುದಿತ್ತು, ಆದರೆ ಖರೇ ಅವನು ಮುಟ್ಟಿದ ಅತಿ ದೂರದ ಊರೆಂದರೆ ದಾಂಡೇಲಿ, ಐದನೆಯ ಇಯತ್ತೆಯ ಪಿಕ್ನಿಕ್ಕಿಗೆ, ಅದೂ ದಾರಿಯುದ್ದಕ್ಕೂ ವಾಂತಿ ಬಳಿಯುತ್ತ. ಬೆಂಗೇರಿಯ ಅವರ ಓಣಿಯಿಂದ ಮೂರನೆಯ ಓಣಿಯೇ ಬೀರವ್ವನದು. ಏಳು ತಿಂಗಳಲ್ಲಿ ಅವಳೊಡನೆ ಒಂದು ಮಾತಾಡಿಲ್ಲ. ಆಡಬೇಕೆಂದು ದಿನಾ ಮುಂಜಾನೆ ಹಾಲಿನ ನೆವದಲ್ಲಿ ಅವಳ ಓಣಿಯಿಂದಲೇ ಹಾಯುತ್ತಾನೆ, ಬಾಗಿಲ ಮುಂದೆ ಕಾಲು ತಾವಾಗಿಯೇ ನಿಧಾನವಾಗುತ್ತವೆ, ಮುಂದೆ ಹೋಗುತ್ತಾನೆ. ಅಂಥ ಬೀರವ್ವ ತಾನಾಗಿ ಹೇಳಿ ಕಳಿಸಿದ್ದಾಳೆ. ಎಂಥ ದೊಡ್ಡ ಮನಸ್ಸು. ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅವನು ಇದನ್ನೇ ಮತ್ತೆ ಮತ್ತೆ ಅಂದುಕೊಂಡ, ಮತ್ತು ಡ್ರೈವರ್ ಬ್ರೇಕ್ ಒತ್ತಿದಾಗಲೆಲ್ಲ ಅವನ ಬಲಗಾಲೂ ನೆಲವನ್ನು ಒತ್ತುತ್ತಿತ್ತು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಕಾಲು ಹಿಂದೆ ತೆಗೆದುಕೊಂಡು ಅವನನ್ನು ಒಂದು ಥರಾ ನೋಡಿದಳು. ಅವನು ಇಳಿಯುವ ತನಕ ಒಂದೇ ಕಾಲ ಮೇಲೆ ಭಾರ ಹಾಕಿ ನಿಂತ.

ಟ್ರೇಲರ್ ಆಫೀಸೆಂದರೆ ಒಂದು ತಗಡಿನ ಶೆಡ್ಡು, ಸಿದ್ಧಾರೂಢ ಅಜ್ಜನ ಫೋಟೋ, ಹೊರಗೆ ಎರೆಮಣ್ಣಿನ ದೊಡ್ಡ ಅಂಗಳ. ಅಂಗಳದಲ್ಲಿ ಐದು ಟ್ರೇಲರುಗಳು. ಸುತ್ತ ಗೋಡೆಯಿಲ್ಲ, ಮೇಲೆ ಮುಚ್ಚಿಗೆಯಿಲ್ಲ, ನಲವತ್ತು ಫೂಟಿನ ಬರೀ ಹಲಗೆ. ಕಬ್ಬಿಣದ ಪ್ಲೇಟು, ಪೈಪು, ಯಂತ್ರಗಳನ್ನು ಮೇಲಿಟ್ಟು ಸರಪಳಿಯಿಂದ ಬಿಗಿದು ಒಯ್ಯುವ ಗಾಡಿಗಳು. ದ್ಯಾಮಣ್ಣನಿಗೆ ನೋಡಿದ ಕೂಡಲೆ ಒಂದು ಥರಾ ಸಮಾಧಾನವಾಯಿತು. ಎಲ್ಲಾ ಬಯಲು. ಇಲ್ಲಿ ಯಾವುದೂ ಸೀಟಿನ ಕೆಳಗೆ ಜಾರಿಕೊಳ್ಳುವುದಿಲ್ಲ, ಯಾವುದಕ್ಕೂ ನಿದ್ದೆ ಹತ್ತುವುದಿಲ್ಲ. ಕಬ್ಬಿಣ ಒಯ್ಯಬೇಕು, ಕಬ್ಬಿಣ ಇಳಿಸಬೇಕು. ಶೆಡ್ಡಿನ ಮಗ್ಗುಲಿಗೆ ಸ್ಟೋವಿನ ಮುಂದೆ ಬೀರವ್ವ ಕೂತಿದ್ದಳು. ಅವನನ್ನು ಕಂಡು ಎದ್ದು ನಿಲ್ಲಲಿಲ್ಲ. “ಬಂದ್ರ್ಯಾ,” ಎಂದಳು, ಅಷ್ಟೇ, ಮತ್ತು ಗದ್ದದಿಂದ ಅಂಗಳದ ಆ ತುದಿ ತೋರಿಸಿದಳು. ಅಲ್ಲಿ ಲುಂಗಿ ಮಡಿಸಿ ಕಟ್ಟಿದ, ಒಂದು ಕಾಲು ಎಳೆದು ನಡೆಯುವ ಮುದುಕನೊಬ್ಬ ಟೈರಿಗೆ ಕಬ್ಬಿಣದ ರಾಡಿನಿಂದ ಬಡಿದು ಗಾಳಿ ನೋಡುತ್ತಿದ್ದ. ಅವನು ಗುಲಾಬಸಾಬ. ಮೂವತ್ತು ವರ್ಷ ಗಾಡಿ ಹೊಡೆದು, ಸೊಂಟ ಹೋದ ಮೇಲೆ ಈಗ ಹೊಸ ಡ್ರೈವರುಗಳನ್ನು ಪರೀಕ್ಷೆ ಮಾಡುವ ಕೆಲಸ. “ಲೈನ್ ಹೊಡದೀಯೇನ್ ತಮ್ಮಾ?” ಎಂದ, ರಾಡು ಕೆಳಗಿಡದೆ. ಲೈನ್ ಅಂದರೆ ದೂರದ ಓಟ, ವಾರಗಟ್ಟಲೆ ಮನೆ ಕಾಣದ ಓಟ. ಇಷ್ಟು ದ್ಯಾಮಣ್ಣನಿಗೂ ಗೊತ್ತು. “ಹೊಡದೇನ್ರಿ. ಪುಣೆ, ಮುಂಬಯಿ,” ಎಂದ. ನಾಲಿಗೆ ಎಷ್ಟು ಸಲೀಸಾಗಿ ಹೊರಳಿತೆಂದರೆ ಅವನಿಗೇ ಆಶ್ಚರ್ಯವಾಯಿತು. ಅಂದು ಪ್ರಿನ್ಸಿಪಾಲರ ಕೋಣೆಯಲ್ಲೂ ಹೀಗೇ ಹೊರಳಿತ್ತು. “ಹಂಗಾರ ಖಂಬಾಟಕಿ ಘಾಟ ಇಳದೀ. ಲೋಡ್ ಇದ್ದಾಗ ಯಾವ ಗೇರಿನ್ಯಾಗ ಇಳಸ್ತೀ?” ದ್ಯಾಮಣ್ಣ ಘಾಟಿನ ಹೆಸರನ್ನೇ ಮೊದಲ ಸಲ ಕೇಳುತ್ತಿದ್ದ. “ಗಾಡಿ ಕೇಳಿದ ಗೇರಿನ್ಯಾಗರಿ,” ಎಂದ. ಗುಲಾಬಸಾಬ ಅವನ ಬಿಳಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದ. “ವಕೀಲ ಆಗಬೇಕಿತ್ತ ನೀ,” ಎಂದು ಕೀಲಿ ಕೊಟ್ಟ.

ಕ್ಯಾಬಿನ್ ಎತ್ತರವಿತ್ತು. ಹತ್ತಿ ಕೂತು, ಎಂಜಿನ್ ಎಬ್ಬಿಸಿ, ಬೈಪಾಸಿಗೆ ತಿರುವಿಕೊಳ್ಳುವಾಗ ದ್ಯಾಮಣ್ಣನ ಕೈಗೆ ಮೊದಲಿನ ಧೈರ್ಯ ಬಂತು. ಸ್ಟೇರಿಂಗ್ ಹಿಡಿಯದೆ ಏಳು ತಿಂಗಳಾಗಿತ್ತು, ಅಂಗೈ ಬೆವರುತ್ತಿದ್ದರೂ ಒಳಗೊಂದು ಸುಖ ಎದ್ದಿತು. ಪಕ್ಕದಲ್ಲಿ ಗುಲಾಬಸಾಬ ಕಾಲು ಚಾಚಿ ಕೂತು ಏನೂ ನೋಡದವನ ಹಾಗೆ ಎಲ್ಲವನ್ನೂ ನೋಡುತ್ತಿದ್ದ. ದ್ಯಾಮಣ್ಣನ ಕಣ್ಣು ರೂಢಿಯಂತೆ ತಲೆಯ ಮೇಲಿನ ಒಳಗನ್ನಡಿಗೆ ಹೋಯಿತು. ಅಲ್ಲಿ ಕನ್ನಡಿ ಇರಲಿಲ್ಲ. ಹದಿಮೂರು ವರ್ಷ ಆ ಕನ್ನಡಿಯಲ್ಲಿ ಅವನು ಮಕ್ಕಳನ್ನು ನೋಡಿದ್ದ, ಯಾರು ಯಾರ ಜಡೆ ಜಗ್ಗಿದರು, ಯಾರ ಹಲ್ಲು ಬಿತ್ತು, ಯಾರು ಮಾಸ್ತರರ ಹಾಗೆ ಮಾತಾಡಿ ನಗಿಸಿದರು. ಋತುಜಾ ಎಂಬ ಎರಡನೆಯ ಇಯತ್ತೆಯ ಹುಡುಗಿ ಯಾವಾಗಲೂ ಕಟ್ಟಕಡೆಯ ಸೀಟೇ ಬೇಕೆಂದು ಹಟ ಮಾಡುತ್ತಿದ್ದಳು. ಹಂಪ್ ಹಾರಿದಾಗ ಅಲ್ಲಿ ಜಾಸ್ತಿ ಎತ್ತಿ ಹಾಕುತ್ತದೆ, ಅದಕ್ಕೆ. ಗಾಡಿ ಒಂದು ಕ್ರಾಸಿಗೆ ಬಂತು. ಬೇವಿನ ಗಿಡದ ಕೆಳಗೆ ಇಬ್ಬರು ಹೆಂಗಸರು ಮಕ್ಕಳ ಕೈ ಹಿಡಿದು ನಿಂತಿದ್ದರು. ದ್ಯಾಮಣ್ಣ ಇಂಡಿಕೇಟರ್ ಹಾಕಿ, ಎಡಕ್ಕೆ ತಂದು, ನಲವತ್ತು ಫೂಟಿನ ಟ್ರೇಲರನ್ನು ಅವರ ಮುಂದೆ ಮೆತ್ತಗೆ ನಿಲ್ಲಿಸಿದ. ಹೆಂಗಸರು ಬೆಪ್ಪಾಗಿ ಮೇಲೆ ನೋಡಿದರು. ಒಂದು ಮಗು ಟಾಟಾ ಮಾಡಿತು. “ಯಾರ್ನ ಹತ್ತಿಸ್ಕೊಳ್ಳಾಕ ನಿಂತಿ?” ಎಂದ ಗುಲಾಬಸಾಬ. ದ್ಯಾಮಣ್ಣನ ಕಿವಿ ಬಿಸಿಯಾದವು. “ಬ್ರೇಕ್ ನೋಡಿದೆರಿ.” “ನೋಡಿದೆಲ್ಲ, ಇನ್ನ ನಡಿ,” ಎಂದು ಮುದುಕ ಕಿಟಕಿಯ ಆಚೆ ಮುಖ ಮಾಡಿದ. ಅವನು ನಗುತ್ತಿದ್ದನೋ ಇಲ್ಲವೋ ತಿಳಿಯಲಿಲ್ಲ.

ಅದು ನಡೆದದ್ದು ಫೆಬ್ರವರಿಯಲ್ಲಿ. ಎಲ್ಲ ನೆನಪಿದೆ ಅವನಿಗೆ, ಬೇಡವಾದದ್ದೆಲ್ಲ ನೆನಪಿದೆ. ಸಾಲೆಯ ಗೇಟಿನಲ್ಲಿ ಮಕ್ಕಳು ಇಳಿಯುತ್ತಿದ್ದಾಗ ಬೀರವ್ವನಿಗೆ ಮನೆಯಿಂದ ಫೋನು ಬಂದದ್ದು, ಸೊಸೆಗೆ ಹೆರಿಗಿ ಬ್ಯಾನಿ ಎದ್ದಾವಂತರಿ ಎಂದು ಅವಳ ದನಿ ನಡುಗಿದ್ದು. ಮಕ್ಕಳು ಇಳಿದ ಮೇಲೆ ಹಿಂದಿನ ಸೀಟಿನ ತನಕ ನಡೆದು, ಬಗ್ಗಿ ನೋಡಿ ಬರುವುದು ಆಯಾಳ ಕೆಲಸ. ನೋಡಿ ಹೋಗಲೇನ್ರಿ ಎಂದು ಅವಳು ಕೇಳಿದಳು. “ನೀ ಹೋಗವಾ. ಹಿಂದ ನಾ ನೋಡತೇನಿ,” ಎಂದು ಹೇಳಿದವನು ಅವನೇ. ಪ್ರೀತಿಯಿಂದಲೇ ಹೇಳಿದ. ಅವಳು ಓಡಿದಳು, ಅವನು ಬಸ್ಸನ್ನು ಸಾಲೆಯ ಹಿಂದಿನ ಶೆಡ್ಡಿಗೆ ಒಯ್ದ, ಇಳಿದ, ಬಾಗಿಲು ಹಾಕಿ ಕೀಲಿ ತಿರುವಿದ. ಯಾಕೆ ನೋಡಲಿಲ್ಲ? ಫೋನು ಬಂದಿರಲಿಲ್ಲ, ಯಾರೂ ಕರೆದಿರಲಿಲ್ಲ, ಮೈಗೆ ಹುಷಾರಿಲ್ಲದಿರಲಿಲ್ಲ. ಏಳು ತಿಂಗಳಿಂದ ಅವನು ಒಂದು ಕಾರಣಕ್ಕಾಗಿ ಹುಡುಕುತ್ತಿದ್ದಾನೆ, ಸಣ್ಣದಾದರೂ ಸಾಕು, ಸಿಕ್ಕಿಲ್ಲ. ನಲವತ್ತು ನಿಮಿಷದ ಮೇಲೆ ತೋಟದ ಮಾಲಿ ಬಸ್ಸಿನೊಳಗಿಂದ ಗಾಜು ಬಡಿಯುವ ಸಪ್ಪಳ ಕೇಳಿದ. ಋತುಜಾಗೆ ಏನೂ ಆಗಿರಲಿಲ್ಲ ಎಂದು ಎಲ್ಲರೂ ಹೇಳಿದರು. ಫ್ರಾಕು ಒದ್ದೆಯಾಗಿತ್ತು, ಅತ್ತು ಅತ್ತು ದನಿ ಬಿದ್ದಿತ್ತು, ದ್ಯಾಮಣ್ಣ ಎತ್ತಿಕೊಳ್ಳಲು ಹೋದರೆ ಅವನ ಎದೆಗೆ ಎರಡೂ ಕಾಲಿಂದ ಒದ್ದಳು. ಆಮೇಲೆ ಪ್ರಿನ್ಸಿಪಾಲರ ಕೋಣೆ. ಹಿಂದೆ ನೋಡುವುದು ಯಾರ ಕೆಲಸ ಎಂದು ಅವರು ಕೇಳಿದರು. ಆಯಾನ ಕೆಲಸರಿ ಸರ್, ಎಂದ. ಸುಳ್ಳಲ್ಲ. ಅವರು ಕೇಳಿದ್ದು ಅಷ್ಟೇ, ಅವನು ಹೇಳಿದ್ದು ಅಷ್ಟೇ. ದವಾಖಾನೆಯಲ್ಲಿ ಮೊಮ್ಮಗನನ್ನು ನೋಡಿಕೊಂಡು ಮರುದಿನ ಪೇಢೆ ತಂದ ಬೀರವ್ವನನ್ನು ವಾಚ್‌ಮನ್ ಗೇಟಿನಲ್ಲೇ ತಿರುಗಿಸಿ ಕಳಿಸಿದ. ಒಂದು ವಾರದ ಮೇಲೆ ಪಾಲಕರು ಗದ್ದಲ ಮಾಡಿ ಇವನನ್ನೂ ತೆಗೆಸಿದರು. ಆದರೆ ಓಣಿಯಲ್ಲಿ ಹೆಸರು ಬಿದ್ದದ್ದು ಅವಳಿಗೇ, ಕೂಸು ಮರತಾಕಿ ಅಂತ. ನೆರೆಯವರು ನೀರಿಗೆ ಹೋಗುವಾಗ ಮಕ್ಕಳನ್ನು ಅವಳ ಹತ್ತಿರ ಬಿಡುವುದನ್ನು ನಿಲ್ಲಿಸಿದರು. ಇದನ್ನೂ ಸೌಮ್ಯಾಳೇ ಒಮ್ಮೆ ಅಕ್ಕಿ ಆರಿಸುತ್ತ ಹೇಳಿದ್ದಳು, ಯಾರಿಗೋ ಹೇಳುವ ಹಾಗೆ.

ಅಂಗಳಕ್ಕೆ ಮರಳಿದ ಮೇಲೆ ಗುಲಾಬಸಾಬ ಗಾಡಿಯನ್ನು ರಿವರ್ಸ್‌ನಲ್ಲಿ ಎರಡು ಟ್ರೇಲರುಗಳ ನಡುವೆ ಹಾಕಲು ಹೇಳಿದ. ಇಲ್ಲಿ ದ್ಯಾಮಣ್ಣನ ಬಂಡವಾಳ ಬಯಲಾಯಿತು. ಸ್ಟೇರಿಂಗನ್ನು ಎಡಕ್ಕೆ ತಿರುವಿದರೆ ಹಿಂದಿನ ಹಲಗೆ ಬಲಕ್ಕೆ ಹೋಗುತ್ತದೆ, ಸರಿ ಮಾಡಲು ಹೋದರೆ ಗಾಡಿ ನಡುವೆ ಮಡಚಿಕೊಳ್ಳುತ್ತದೆ. ಮೂರು ಸಲ ಹಾಕಿದ, ಮೂರು ಸಲ ತಪ್ಪಿತು. ನಾಲ್ಕನೆಯ ಸಲಕ್ಕೆ ಗುಲಾಬಸಾಬ ಕೈಯೆತ್ತಿ ನಿಲ್ಲಿಸಿ, “ಸಾಕ್ ಬಿಡು, ಇಳಿ,” ಎಂದ. ಶೆಡ್ಡಿನ ಬಾಗಿಲಲ್ಲಿ ಸಾಹುಕಾರ ಕೇದಾರ ನಿಂತು ನೋಡುತ್ತಿದ್ದ. ಮೂವತ್ತೈದರ ಹುಡುಗ, ಅಪ್ಪನ ಹತ್ತಿ ದಲಾಲಿಯ ಅಡತಿ ಅಂಗಡಿ ಮುಚ್ಚಿ ಟ್ರೇಲರು ತೆಗೆದವನು, ಹಣೆಯಲ್ಲಿ ವಿಭೂತಿ. ದ್ಯಾಮಣ್ಣ ಕೀಲಿ ತೆಗೆದು ಇಳಿದ. ಮುಗಿಯಿತು ಎಂದುಕೊಂಡ. ಅಷ್ಟಾದರೂ ಅವನ ಕಾಲು ಶೆಡ್ಡಿನ ಕಡೆ ಹೋಗಲಿಲ್ಲ. ಟ್ರೇಲರಿನ ಹಲಗೆಯ ಮೇಲೆ ಹತ್ತಿ, ಖಾಲಿ ನಲವತ್ತು ಫೂಟು ಉದ್ದಕ್ಕೂ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತ ಕಟ್ಟಕಡೆಯ ತನಕ ನಡೆದ. ಅಲ್ಲಿ ಬಗ್ಗಿದ. ಬಿಸಿಲಿಗೆ ಕಾದ ಕಬ್ಬಿಣ, ಒಂದಿಷ್ಟು ತುಕ್ಕು, ಮತ್ತೇನಿಲ್ಲ. ತಿರುಗಿ ಬಂದ. ತಾನು ಏನು ಮಾಡಿದೆನೆಂಬುದು ಇಳಿದ ಮೇಲೆಯೇ ತಿಳಿದು, ನಾಚಿಕೆಯಿಂದ ಅವನಿಗೆ ಅಲ್ಲಿಂದಲೇ ರಸ್ತೆಗೆ ಓಡಿಹೋಗಬೇಕೆನಿಸಿತು. ಮನೆಯಲ್ಲೂ ಹೀಗೇ ಆಗುತ್ತದೆ, ಸೈಕಲ್ ನಿಲ್ಲಿಸಿದರೂ ಹಿಂದಿನ ಕ್ಯಾರಿಯರ್ ಮುಟ್ಟಿ ನೋಡುತ್ತಾನೆ.

ಶೆಡ್ಡಿನಲ್ಲಿ ಗುಲಾಬಸಾಬ ನಿಂತೇ ಹೇಳಿದ: “ಲೈನ್ ಗೀನ್ ಏನೂ ಹೊಡದಿಲ್ಲರಿ ಸಾಹುಕಾರ. ಖೋಟಾ ಹೇಳಾಕತ್ತಾನ. ರಿವರ್ಸ್ ಬರಂಗಿಲ್ಲ. ಆದ್ರ ಕೈ ಮೆತ್ತಗ ಐತಿ. ರಿವರ್ಸ್ ನಾ ಎಂಟ ದಿನದಾಗ ಕಲಸತೇನಿ. ಇಳದ ಕೂಡ್ಲೆ ಹಲಗಿ ಹತ್ತಿ ಕಡೀತನಕ ನೋಡಿ ಬಂದ, ನೋಡಿದ್ರಿಲ್ಲ? ಸರಪಳಿ ಸಡಲಾಗಿ ಲೋಡ ಜಾರಿ ಎಷ್ಟ ಮಂದಿ ಸತ್ತಾರ. ಹೇಳಿ ಹೇಳಿ ಸಾಕಾಗೇತಿ, ಒಬ್ಬರೂ ನೋಡಂಗಿಲ್ಲ. ಇಂವಾ ಖಾಲಿ ಗಾಡಿನೂ ನೋಡಿದ.” ಕೇದಾರ ಲೈಸೆನ್ಸ್ ತಿರುವಿ ನೋಡಿದ. “ಹದಿಮೂರು ವರ್ಷ ಸಾಲಿ ಬಸ್ ಹೊಡದೀರಿ ಅಂತ ಬೀರವ್ವ ಹೇಳ್ಯಾಳ. ಛಲೋ ಕೆಲಸ. ಮನ್ಯಾಗ ಊಟಾ, ಮನ್ಯಾಗ ನಿದ್ದಿ. ಯಾಕ ಬಿಟ್ರಿ?” ಅಷ್ಟರಲ್ಲಿ ಬೀರವ್ವ ಚಹಾದ ಗ್ಲಾಸುಗಳನ್ನು ಹಿಡಿದು ಒಳಗೆ ಬಂದಳು. ಈಗ ಹೇಳಬೇಕು ಎಂದು ದ್ಯಾಮಣ್ಣನಿಗೆ ಅನ್ನಿಸಿತು. ಈಗ ಹೇಳದಿದ್ದರೆ ಯಾವ ಬಾಗಿಲ ಮುಂದೆ ಎಷ್ಟು ಸಲ ಹಾದರೂ ಹೇಳುವುದಾಗುವುದಿಲ್ಲ. ಹೇಳಿದರೆ ಈ ಕೆಲಸವಿಲ್ಲ, ಮತ್ತೆ ಅದೇ ಕುರ್ಚಿ, ಅದೇ ಚಹಾ, ಒಲೆಯ ಬಟನ್ ಮುಟ್ಟುವ ಸೌಮ್ಯಾ. ಬಾಯಿ ತೆರೆದ. ಬೀರವ್ವ ಗ್ಲಾಸನ್ನು ಅವನ ಮುಂದಿಟ್ಟು, ಕೇದಾರನಿಗೆ ಹೇಳಿದಳು: “ನಾನೂ ಅದ ಬಸ್ಸಿನ್ಯಾಗ ಆಯಾ ಇದ್ನೆರಿ ಅಪ್ಪಾರ. ಒಂದ ಕೂಸು ಮಕ್ಕೊಂಡ ಬಸ್ಸಿನ್ಯಾಗ ಉಳೀತು. ಹಿಂದ ನೋಡೋದು ನನ್ನ ಕೆಲಸಿತ್ತು. ನಾ ನೋಡಲಿಲ್ಲ. ನನ್ನ ಕೂಡ ಇವರನ್ನೂ ತಗದ್ರು.” ಕೇದಾರ ಅವಳನ್ನೂ ಇವನನ್ನೂ ನೋಡಿದ. ದ್ಯಾಮಣ್ಣ ತೆರೆದ ಬಾಯಿಗೆ ಚಹಾ ಹಿಡಿದ, ನಾಲಿಗೆ ಸುಟ್ಟಿತು. “ಹೋಗ್ಲಿ ಬಿಡ್ರಿ, ಆಗತಾವ,” ಎಂದ ಕೇದಾರ. “ಮೊದಲ ಟ್ರಿಪ್ಪಿಗೆ ಗುಲಾಬ ಚಾಚಾ ಕೂಡ ಬರತಾನ. ಆಮ್ಯಾಲಿಂದ ಒಬ್ಬರ ಹೋಗಬೇಕು ನೋಡ್ರಿ, ಮಾತಾಡಾಕ ಯಾರೂ ಇರಂಗಿಲ್ಲ. ನಾಳೆ ಹಾಸಿಗಿ ಗಂಟು ತಗೊಂಡ ಬರ್ರಿ.” ಕೆಲಸ ಸಿಕ್ಕಿತ್ತು. ಸಂತೋಷವಾಗಲಿಲ್ಲ ಎಂದರೆ ಸುಳ್ಳು. ಮೊದಲು ಸಂತೋಷವೇ ಆಯಿತು, ಅದು ತನ್ನನ್ನು ಕೇಳದೆಯೇ ಆಯಿತು.

ಶೆಡ್ಡಿನ ಹಿಂದೆ ನಳದ ಕೆಳಗೆ ಕುಕ್ಕರುಗಾಲಲ್ಲಿ ಕೂತು ಬೀರವ್ವ ಗ್ಲಾಸು ತೊಳೆಯುತ್ತಿದ್ದಳು. ದ್ಯಾಮಣ್ಣ ತನ್ನ ಅರ್ಧ ಕುಡಿದ ಗ್ಲಾಸು ಹಿಡಿದುಕೊಂಡು ಹೋಗಿ ಅವಳ ಹಿಂದೆ ನಿಂತ. ಅವಳ ಕೂದಲು ಈ ಏಳು ತಿಂಗಳಲ್ಲಿ ಪೂರ್ತಿ ಬೆಳ್ಳಗಾಗಿತ್ತು. ದಿನಾ ಅವಳ ಬಾಗಿಲ ಮುಂದೆ ಹಾಯುವವನು ಇದನ್ನು ನೋಡಿರಲಿಲ್ಲ. “ಬೀರವ್ವಾ,” ಎಂದ. “ಅವತ್ತ ನೀ ಹೋಗು, ಹಿಂದ ನಾ ನೋಡತೇನಿ ಅಂತ ಅಂದಾವ ನಾನೇ.”

“ಹೌದರಿ. ನೀವ ಅಂದಿದ್ರಿ.” ಅವಳ ಕೈ ನಿಲ್ಲಲಿಲ್ಲ.

“ನಿನಗ ನೆನಪೈತಿ?”

“ನೆನಪಿಲ್ಲದ ಏನರಿ. ಮೊಮ್ಮಗ ಹುಟ್ಟಿದ ದಿನ ಅದು.”

“ಮತ್ತ ಸಾಲ್ಯಾಗ ಯಾಕ ಹೇಳಲಿಲ್ಲ?”

“ನನ್ನ ಯಾರು ಕೇಳ್ಯಾರ? ಗೇಟಿನ್ಯಾಗ ವಾಚ್‌ಮನ್ ಕೇಳಿದ್ದು ಪೇಢೆ ಯಾತರದ್ದು ಅಂತ.”

ಇಷ್ಟು ದಿನ ಅವಳು ಮರೆತಿರಬಹುದು, ತಪ್ಪು ತನ್ನದೇ ಎಂದು ನಂಬಿರಬಹುದು ಎಂಬ ಒಂದು ಆಸೆ ದ್ಯಾಮಣ್ಣನೊಳಗೆ ಕಳ್ಳನ ಹಾಗೆ ಬದುಕಿತ್ತು. ಎಲ್ಲಾ ಗೊತ್ತಿದ್ದೂ ಹೇಳಿ ಕಳಿಸಿದ್ದಾಳೆ, ಎಲ್ಲಾ ಗೊತ್ತಿದ್ದೂ ಸಾಹುಕಾರನ ಮುಂದೆ ತನ್ನ ಮೇಲೆ ಹಾಕಿಕೊಂಡಿದ್ದಾಳೆ. ಅವನ ಕಣ್ಣು ತುಂಬಿದವು. ಕ್ಷಮಿಸಿದ್ದಾಳೆ ಎಂದುಕೊಂಡ, ಹಾಗೆ ಅಂದುಕೊಂಡಾಗ ಎಷ್ಟೋ ದಿನದ ಮೇಲೆ ಉಸಿರು ಪೂರ್ತಿ ಒಳಗೆ ಹೋಯಿತು. “ನಿನ್ನ ಉಪಕಾರ ಹೆಂಗ ತೀರಸ್ಲಿ ಬೀರವ್ವಾ,” ಎಂದ. “ನಾ ಈಗ ಹೋಗಿ ಸಾಹುಕಾರ್ರ ಮುಂದ ಖರೇ ಹೇಳತೇನಿ. ಕೆಲಸ ಹೋದ್ರ ಹೋಗಲಿ.”

ಬೀರವ್ವ ಮೊದಲ ಸಲ ತಿರುಗಿ ಅವನ ಮುಖ ನೋಡಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ದಣಿವಿತ್ತು.

“ಉಪಕಾರ ಅಲ್ಲರಿ ದ್ಯಾಮಣ್ಣಾರ. ದಿನಾ ಮುಂಜಾನಿ ನಮ್ಮ ಬಾಗಲದ ಮುಂದ ಬರತೀರಿ, ಒಂದ ಗಳಿಗಿ ನಿಂತಂಗ ಮಾಡತೀರಿ, ಹೋಗತೀರಿ. ಮೊದಲ ಮೊದಲ ನಾನೂ ಕಾದೆ. ಇವತ್ತ ಒಳಗ ಬರತಾರ, ನಾಕ ಮಂದಿ ಮುಂದ ಒಂದ ಮಾತ ಹೇಳತಾರ ಅಂತ. ಈಗ ನೀವ ಬರೂ ಹೊತ್ತಿಗೆ ಬಾಗಲಾ ಹಾಕ್ಕೊಂಡ ಒಳಗ ಕುಂದರತೇನಿ. ನನ್ನ ಬಾಗಲಾ ನಾ ಯಾಕ ಹಾಕ್ಕೋಬೇಕರಿ? ಈ ಗಾಡಿ ಹತ್ತಿದವರು ಹದಿನೈದ ದಿವಸ ಊರಾಗ ಕಾಣಂಗಿಲ್ಲ ಅಂತ ಗೊತ್ತಾತು. ಅದಕ್ಕ ಹೇಳಿ ಕಳಿಸಿದೆ.” ಅವನ ಕೈಯಿಂದ ಗ್ಲಾಸು ತೆಗೆದುಕೊಂಡು ಉಳಿದ ಚಹಾವನ್ನು ಮಣ್ಣಿಗೆ ಚೆಲ್ಲಿದಳು. “ಒಳಗ ಹೋಗಿ ಏನೂ ಹೇಳಬ್ಯಾಡ್ರಿ. ಹೇಳಿದ್ರ ನಿಮ್ಮನ್ನ ಬ್ಯಾಡ ಅಂತಾರ. ನಾಳಿ ಮುಂಜಾನಿ ಮತ್ತ ನಮ್ಮ ಓಣ್ಯಾಗ ಬರತೀರಿ.”

ಅವಳು ಗ್ಲಾಸು ತೊಳೆದು ಬೋರಲು ಹಾಕಿದಳು. ಅಂಗಳದಿಂದ ಗುಲಾಬಸಾಬ ಅವನನ್ನು ರಿವರ್ಸ್ ಕಲಿಸಲು ಕರೆಯುತ್ತಿದ್ದ.